ಕಿರುಗುಟ್ಟುವ ವಾಲ್ಯೂಮ್ ಪೆಡಲ್: ಒಂದು ದುರಸ್ತಿಯ ಪ್ರಕರಣ ಅಧ್ಯಯನ

ಈ ಪ್ರಕರಣದ ವಾದಕರು ಸ್ಟೀಲ್ ಗಿಟಾರ್, ಅಂದರೆ ಮೇಜಿನಂತೆ ಮಲಗಿಸಿಟ್ಟು ನುಡಿಸುವ ಗಿಟಾರ್, ನುಡಿಸುವವರು. ಅವರ ಗುರುತು ಸಿಗಬಾರದೆಂದು ಹೆಸರು, ತಂಡ, ಪೆಡಲಿನ ಕಂಪನಿ ಯಾವುದನ್ನೂ ಇಲ್ಲಿ ಹೇಳಿಲ್ಲ. ದುರಸ್ತಿಗೆ ಸಂಬಂಧಪಟ್ಟದ್ದನ್ನೆಲ್ಲ ಬಿಡಿಸಿ ಬರೆದಿದ್ದೇನೆ. ಇಂಥದೇ ಪೆಡಲ್ ಎದುರಿಗಿಟ್ಟುಕೊಂಡು ಕೈಯಲ್ಲಿ ಎಣ್ಣೆ ಡಬ್ಬಿ ಹಿಡಿದವರಿಗೆ ಇದು ಉಪಯೋಗಕ್ಕೆ ಬರಲಿ ಎಂಬುದು ನನ್ನ ಆಸೆ.

ಹಿನ್ನೆಲೆ

ವಾಲ್ಯೂಮ್ ಪೆಡಲ್ ಎಂದರೆ ಪಾದದಿಂದ ಒತ್ತಿ ವಾದ್ಯದ ನಾದವನ್ನು ಏರಿಸಿ ಇಳಿಸುವ ಸಾಧನ. ಬೇರೆ ಗಿಟಾರ್ ವಾದಕರು ಅದನ್ನು ಹಾಡಿನಲ್ಲಿ ಒಂದೆರಡು ಕಡೆ ಮುಟ್ಟಿ ಬಿಟ್ಟಾರು. ಸ್ಟೀಲ್ ಗಿಟಾರ್ ನುಡಿಸುವವರ ಪಾದ ಅದರ ಮೇಲಿಂದ ಇಳಿಯುವುದೇ ಇಲ್ಲ. ತಂತಿ ಮೀಟುವ ಕ್ಷಣದಲ್ಲಿ ಪೆಡಲ್ ನಾದವನ್ನು ತಗ್ಗಿಸಿರುತ್ತದೆ, ಹಾಗಾಗಿ ಮೀಟಿನ ಏಟು ಕೇಳಿಸುವುದಿಲ್ಲ. ಆಮೇಲೆ ಮುಂಗಾಲು ಮೆಲ್ಲಗೆ ಬಾಗುತ್ತದೆ, ನಾದ ತಾನಾಗಿ ಎದ್ದು ಬಂದಂತೆ ಏರುತ್ತದೆ. ತಂತಿಯ ಕಂಪನ ಕುಂದುತ್ತ ಹೋದಂತೆ ಪಾದ ಇನ್ನಷ್ಟು ಒತ್ತಿ ಆ ಕೊರತೆಯನ್ನು ತುಂಬುತ್ತದೆ. ಈ ಚಲನೆ ತೀರ ನಿಧಾನ. ಪೆಡಲ್ ಸದ್ದು ಮಾಡುವುದಿದ್ದರೆ ಅತ್ಯಂತ ಸುಲಭವಾಗಿ ಮಾಡುವುದೂ ಇಂಥ ನಿಧಾನದ ಚಲನೆಯಲ್ಲೇ. ಅದು ಹೇಗೆಂದು ಮುಂದೆ ಬರುತ್ತದೆ.

ಪೆಡಲ್ ದಾರದ ಜಾತಿಯದು. ಅಲ್ಯೂಮಿನಿಯಂ ಎರಕದ ಪೆಟ್ಟಿಗೆ, ಮೇಲೆ ಪಾದ ಇಡುವ ಹಲಗೆ, ಎರಡನ್ನೂ ಹಿಡಿದಿರುವ ಒಂದು ಉಕ್ಕಿನ ಅಚ್ಚು (ಹಲಗೆ ಆಡುವುದು ಈ ಸರಳಿನ ಮೇಲೆ). ಪೆಟ್ಟಿಗೆಯೊಳಗೆ 500 ಕಿಲೋ ಓಮ್‌ನ ಪಾಟ್, ಅಂದರೆ ದಂಡ ತಿರುಗಿಸಿದಂತೆ ನಾದದ ಮಟ್ಟ ಬದಲಿಸುವ ಪೊಟೆನ್ಶಿಯೋಮೀಟರ್. ಹಲಗೆಯ ಅಡಿಯಲ್ಲಿ ಒಂದು ತೋಳಿದೆ. ಅದರ ಒಂದು ತುದಿಯಿಂದ ಹೊರಟ ಹೆಣೆದ ದಾರ ಪಾಟಿನ ದಂಡಕ್ಕೆ ಸುತ್ತಿಕೊಂಡು, ಒಂದು ಸ್ಪ್ರಿಂಗಿನ ಮೂಲಕ ಅದೇ ತೋಳಿನ ಇನ್ನೊಂದು ತುದಿ ಸೇರುತ್ತದೆ. ಹಲಗೆ ಆಡಿದಂತೆ ದಾರ ಹಿಂದೆ ಮುಂದೆ ಸರಿದು ದಂಡವನ್ನು ತಿರುಗಿಸುತ್ತದೆ. ದಾರಕ್ಕೆ ದಂಡದ ಮೇಲೆ ಗಂಟಿಲ್ಲ, ಗೂಟವಿಲ್ಲ. ಬರೀ ಸುತ್ತಿನ ಹಿಡಿತದಿಂದಲೇ ಎಲ್ಲ ನಡೆಯಬೇಕು. ಸ್ಪ್ರಿಂಗ್ ಇರುವುದು ದಾರವನ್ನು ಬಿಗಿಯಾಗಿಡಲು ಮಾತ್ರ, ಹಲಗೆಯನ್ನು ಎತ್ತಿ ಹಿಡಿಯುವುದಕ್ಕಲ್ಲ. ಪಾದ ತೆಗೆದಾಗ ಹಲಗೆ ಇದ್ದಲ್ಲೇ ನಿಲ್ಲುವುದು ಅಚ್ಚಿನ ಬಳಿಯ ಘರ್ಷಣೆಯಿಂದ.

ಆ ಕೊನೆಯ ವಾಕ್ಯವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಎಲ್ಲ ತೀರ್ಮಾನಗಳೂ ಅದರ ಮೇಲೆ ನಿಂತಿವೆ.

ಸಮಸ್ಯೆ

ವೇದಿಕೆಯ ಮೇಲೆ, ಡ್ರಮ್ಸ್ ಮತ್ತು ಬೇಸ್ ನಡುವೆ, ಈ ಪೆಡಲ್ ಬಗ್ಗೆ ಯಾರಿಗೂ ದೂರಿರಲಿಲ್ಲ. ತೊಂದರೆ ಎದ್ದದ್ದು ರೆಕಾರ್ಡಿಂಗಿನಲ್ಲಿ. ಗಾಯಕಿ ಮತ್ತು ಸ್ಟೀಲ್ ಗಿಟಾರ್ ಇಬ್ಬರೇ ಇರುವ, ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸಿ ದಾಖಲಿಸುವ ಹಾಡುಗಳವು. ಗಾಯಕಿ ಉಸಿರೆಳೆದುಕೊಳ್ಳುವ ಜಾಗದಲ್ಲಿ ಸ್ಟೀಲ್ ಗಿಟಾರ್ ಏರಬೇಕು. ಅಲ್ಲೇ ಒಂದು ಸಣ್ಣ "ಕಿರ್ರ್" ಕೇಳಿಸುತ್ತಿತ್ತು. ಕೆಲವು ಕಡೆ ಅದರ ಬೆನ್ನಿಗೇ ಒಂದು "ಟಕ್".

ಪೆಡಲ್ ನನ್ನ ಕೈ ಸೇರುವ ಹೊತ್ತಿಗೆ ಅದಕ್ಕೆ ಎರಡು ಚಿಕಿತ್ಸೆ ಆಗಿಹೋಗಿತ್ತು. ಮೊದಲು ಯಾರೋ ತುಕ್ಕು ಬಿಡಿಸುವ ಸ್ಪ್ರೇಯನ್ನು ಅಚ್ಚಿನ ಎರಡೂ ಬದಿಗೆ ಹೊಡೆದಿದ್ದರು. ಕೆಲವು ದಿನ ಸುಮ್ಮನಿತ್ತು, ಮತ್ತೆ ಶುರುವಾಯಿತು. ಮತ್ತೆ ಹೊಡೆದರು. ಈ ಸಲ ಪೆಡಲ್ ಬೇರೆ ರೀತಿಯಲ್ಲಿ ಕೆಟ್ಟಿತು. ಅರ್ಧಕ್ಕೆ ನಿಲ್ಲಿಸಿ ಪಾದ ತೆಗೆದರೆ ಹಲಗೆ ನಿಧಾನವಾಗಿ ಹಿಮ್ಮಡಿಯ ಕಡೆಗೆ ಕುಸಿಯತೊಡಗಿತು. ಹಿಮ್ಮಡಿ ಪೂರ್ತಿ ಒತ್ತಿದರೂ ವಾದ್ಯದ ನಾದ ಪೂರ್ತಿ ಆರುತ್ತಿರಲಿಲ್ಲ, ತೆಳುವಾಗಿ ಉಳಿದುಬಿಡುತ್ತಿತ್ತು. ಎರಡನೆಯ ಚಿಕಿತ್ಸೆ ಪಾಟಿನದು. "ಪೆಡಲ್ ಸದ್ದು ಅಂದರೆ ಪಾಟ್ ಹೋಗಿದೆ" ಎಂದು ಇನ್ನೊಬ್ಬರು ಹೊಸದನ್ನು ಬೆಸುಗೆ ಹಾಕಿ ಕೊಟ್ಟಿದ್ದರು. ಸದ್ದು ಇದ್ದ ಹಾಗೇ ಇತ್ತು.

"ಸರ್, ಹೊಸ ಪೆಡಲೇ ತಗೊಂಡುಬಿಡಲಾ?" ಎಂದು ವಾದಕರು ಕೇಳಿದರು. ಅವರ ಪಾದ ಎಷ್ಟೋ ವರ್ಷಗಳಿಂದ ಈ ಪೆಡಲಿನ ಎತ್ತರಕ್ಕೆ, ಇಳಿಜಾರಿಗೆ ಹೊಂದಿಕೊಂಡಿತ್ತು. ಎಷ್ಟು ಬಾಗಿಸಿದರೆ ಎಷ್ಟು ನಾದ ಎಂಬುದು ಅವರ ಕಣಕಾಲಿಗೇ ಗೊತ್ತಿತ್ತು. ಅದನ್ನು ಬಿಸಾಡುವ ಮೊದಲು ಸದ್ದು ಎಲ್ಲಿಂದ ಹುಟ್ಟುತ್ತದೆ ಎಂಬುದಾದರೂ ತಿಳಿಯಬೇಕು ಎನಿಸಿತು.

ಯಾವ ದಾರಿಯಲ್ಲಿ ಬಂತು?

ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಆ ರೆಕಾರ್ಡಿಂಗನ್ನೇ ತರಿಸಿಕೊಂಡೆ. ಬೆರೆಸಿದ ಹಾಡು ಬೇಡ, ಟ್ರ್ಯಾಕುಗಳು ಬಿಡಿಬಿಡಿಯಾಗಿ ಬೇಕು ಎಂದೆ. ಗಾಯಕಿಯ ಮೈಕ್, ಆಂಪ್ಲಿಫಯರ್ ಮುಂದಿನ ಮೈಕ್, ಪೆಡಲಿನ ಹೊರದಾರಿಯಿಂದ ನೇರವಾಗಿ ತೆಗೆದ ಲೈನ್, ಹೀಗೆ ಪ್ರತಿಯೊಂದೂ ಬೇರೆ. ಈ ಪ್ರಕರಣದ ಮೊದಲ ತಿರುವು ಅಲ್ಲೇ ಸಿಕ್ಕಿತು.

"ಕಿರ್ರ್" ಗಾಯಕಿಯ ಮೈಕಿನಲ್ಲಿ ಸ್ಪಷ್ಟವಾಗಿತ್ತು. ನೇರ ಲೈನಿನಲ್ಲಿ ಅದರ ಸುಳಿವೂ ಇರಲಿಲ್ಲ. ಅಂದರೆ ಆ ಸದ್ದು ವೈರಿನೊಳಗೆ ಹೋಗಿಯೇ ಇಲ್ಲ, ಪೆಡಲಿನ ಮೈಯಿಂದ ಗಾಳಿಗೆ ಹಾರಿ ಮೈಕಿಗೆ ಬಿದ್ದಿದೆ. ಪಾಟ್ ಬದಲಿಸಿದ್ದು ಏಕೆ ಕೆಲಸಕ್ಕೆ ಬರಲಿಲ್ಲ ಎಂಬುದಕ್ಕೆ ಇಷ್ಟೇ ಉತ್ತರ. "ಟಕ್" ಹಾಗಲ್ಲ. ಅದು ಮೈಕಿನಲ್ಲೂ ಇತ್ತು, ಲೈನಿನಲ್ಲೂ ಇತ್ತು, ಲೈನಿನಲ್ಲಿ ಆ ಕ್ಷಣ ನಾದದ ಮಟ್ಟ ಸಣ್ಣದಾಗಿ ಜಿಗಿದಿತ್ತು. ಒಂದರ ಬೆನ್ನಿಗೊಂದು ಕೇಳಿಸುವುದರಿಂದ ಎಲ್ಲರೂ ಇದನ್ನು ಒಂದೇ ರೋಗ ಎಂದು ತಿಳಿದಿದ್ದರು. ಇದ್ದದ್ದು ಎರಡು.

ಪೆಡಲಿನ ಸದ್ದುಗಳಲ್ಲಿ ಮೂರನೆಯ ಬಗೆಯೂ ಒಂದಿದೆ. ಪಾಟಿನ ಕಾರ್ಬನ್ ಪಟ್ಟಿ ಸವೆದೋ ಕೊಳೆಯಾಗಿಯೋ, ಅಥವಾ ಹಿಂದಿನ ಸಾಧನದ ಕೆಪಾಸಿಟರ್ ಸೋರಿ ಡಿಸಿ ವೋಲ್ಟೇಜ್ ಪಾಟಿಗೆ ಬಂದೋ, ತಿರುಗಿಸಿದಾಗ "ಕರಕರ" ಎನ್ನುವುದು. ಇದು ಲೈನಿನಲ್ಲಿ ಮಾತ್ರ ಇರುತ್ತದೆ, ಪೆಡಲಿನ ಮೈಯಿಂದ ನೇರವಾಗಿ ಕೇಳಿಸದು. ಇಲ್ಲಿ ಅದಿರಲಿಲ್ಲ. ಮಲ್ಟಿಮೀಟರಿನಲ್ಲಿ ಡಿಸಿ ನೋಡಿದೆ, ಏನೂ ಇಲ್ಲ. ಹೊಸ ಪಾಟ್ ಚೆನ್ನಾಗಿಯೇ ಇತ್ತು, ಹಾಗಾಗಿ ಅದನ್ನು ಮುಟ್ಟುವುದಿಲ್ಲ ಎಂದು ತೀರ್ಮಾನಿಸಿದೆ.

ರೆಕಾರ್ಡಿಂಗ್ ಇಲ್ಲದವರೂ ಈ ವಿಂಗಡಣೆ ಮಾಡಬಹುದು. ಪೆಡಲಿನಿಂದ ಕೇಬಲ್ಲುಗಳನ್ನೆಲ್ಲ ಕಳಚಿ ನಿಶ್ಶಬ್ದ ಕೋಣೆಯಲ್ಲಿ ಒತ್ತಿ ನೋಡಿ. ಆಗಲೂ ಕೇಳಿಸುವ ಸದ್ದು ಮೈಯದು. ಆಮೇಲೆ ಕೇಬಲ್ ಹಾಕಿ, ಆಂಪ್ಲಿಫಯರನ್ನು ದೂರದಲ್ಲೋ ಹೆಡ್‌ಫೋನಿನಲ್ಲೋ ಕೇಳಿ. ಅಲ್ಲಿ ಹೊಸದಾಗಿ ಕೇಳಿಸುವುದು ವಿದ್ಯುತ್ತಿನದು. ಎರಡೂ ಕಡೆ ಇರುವುದಾದರೆ ಮೈಯ ಚಲನೆ ಪಾಟನ್ನು ಎಲ್ಲೋ ಕುಲುಕಿಸುತ್ತಿದೆ ಎಂದರ್ಥ.

ವಾದಕರ ಪಾದವೇ ಬೇಕಾಯಿತು

ಮೇಜಿನ ಮೇಲೆ ಕೈಯಿಂದ ಒತ್ತಿದರೆ ಪೆಡಲ್ ಬಹುಮಟ್ಟಿಗೆ ಸುಮ್ಮನಿತ್ತು. ಎಷ್ಟು ನಿಧಾನ ಮಾಡಿದರೂ ಆ "ಕಿರ್ರ್" ಬರಲೊಲ್ಲದು. ಇಂಥ ಕಡೆ ಅನೇಕ ದುರಸ್ತಿಗಳು ದಾರಿ ತಪ್ಪುತ್ತವೆ. ಸದ್ದು ಕೇಳಿಸುವಂತೆ ಮಾಡಲು ಆಗದೆ ಇದ್ದರೆ, ಆಮೇಲೆ ಅದು ಹೋಯಿತೆಂದು ಹೇಳಲು ನಮಗೆ ಆಧಾರವೇ ಇರುವುದಿಲ್ಲ. ವಾದಕರನ್ನು ವಾದ್ಯದ ಸಮೇತ, ನುಡಿಸುವಾಗ ಹಾಕುವ ಶೂ ಸಮೇತ ಬರಹೇಳಿದೆ.

ಅವರು ಕುಳಿತು ಪಾದ ಇಟ್ಟ ಕೂಡಲೇ ಸದ್ದು ಬಂತು. ನಾನು ನೆಲಕ್ಕೆ ಬಗ್ಗಿ ಪಾದವನ್ನೇ ನೋಡುತ್ತ ಕುಳಿತೆ. ವಾದ್ಯದ ಕೆಳಗೆ ಕಾಲಿಗೆ ಜಾಗ ಕಡಿಮೆ, ಮಂಡಿ ಹೊರಕ್ಕೆ ವಾಲಿರುತ್ತದೆ, ಹಾಗಾಗಿ ಪಾದದ ಭಾರ ಹಲಗೆಯ ನಡುವಿಗೆ ಬೀಳದೆ ಒಂದು ಅಂಚಿಗೆ ಬೀಳುತ್ತಿತ್ತು. ಹಲಗೆ ಕೆಳಕ್ಕೆ ಹೋಗುವುದರ ಜೊತೆಗೆ ಬದಿಗೂ ತಳ್ಳಿಸಿಕೊಳ್ಳುತ್ತಿತ್ತು. ನಾನು ಕೈಯಿಂದ ಒತ್ತುವಾಗ ನೆಟ್ಟಗೆ ಒತ್ತುತ್ತಿದ್ದೆ, ಆ ಅಡ್ಡ ಬಲ ಇರುತ್ತಿರಲಿಲ್ಲ. ಹಲಗೆಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿಕೊಂಡು ಆಡಿಸಿದೆ. ಕಿರ್ರ್! ಈಗ ಸದ್ದು ನನ್ನ ಕೈಯಲ್ಲೂ ಬಂತು.

ಅಲ್ಲಿಂದ ಕೆಲಸ ಬೇಗ ಸಾಗಿತು. ದಾರ ಕಳಚಿ ಹಲಗೆಯನ್ನಷ್ಟೇ ಆಡಿಸಿದೆ. ಟಕ್ ಹೋಯಿತು, ಕಿರ್ರ್ ಉಳಿಯಿತು. ಪಾಟನ್ನು ಬೆರಳಲ್ಲಿ ತಿರುಗಿಸಿದೆ, ನುಣುಪಾಗಿತ್ತು. ಒಂದು ಮರದ ಕಡ್ಡಿಯ ತುದಿಯನ್ನು ಪೆಡಲಿನ ಮೈಗೆ, ಇನ್ನೊಂದನ್ನು ಕಿವಿಯ ಪಕ್ಕದ ಎಲುಬಿಗೆ ಒತ್ತಿ ಹಿಡಿದು ಅಲ್ಲಲ್ಲಿ ಕೇಳಿದೆ. ಅಚ್ಚಿನ ಎಡ ಬದಿಯಲ್ಲಿ ಸದ್ದು ಜೋರು. ಆಗಲೂ ಅದು ಅಚ್ಚಿನ ರಂಧ್ರದೊಳಗಿನ ಸದ್ದೋ ಹೊರಗಿನದೋ ತಿಳಿಯಲಿಲ್ಲ. ಒಂದು ತೆಳು ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಹಲಗೆಯ ಕಿವಿಗೂ (ಅಚ್ಚು ಹಾಯುವ ಅದರ ಪಕ್ಕದ ಚಾಚಿಗೂ) ಪೆಟ್ಟಿಗೆಯ ಗೋಡೆಗೂ ನಡುವಿನ ಸಂದಿಗೆ ತುರುಕಿದೆ. ಸದ್ದು ತಕ್ಷಣ ನಿಂತಿತು. ಹಾಳೆ ಎಳೆದೆ, ಮತ್ತೆ ಬಂತು.

ಎರಡನೆಯ ತಿರುವು ಇದು. ಸ್ಪ್ರೇ ಬಿದ್ದಿದ್ದು ಅಚ್ಚಿನ ರಂಧ್ರಕ್ಕೆ. ಸದ್ದು ಹುಟ್ಟುತ್ತಿದ್ದದ್ದು ಕಿವಿಯ ಬದಿಮುಖ ಪೆಟ್ಟಿಗೆಯ ಗೋಡೆಗೆ ಉಜ್ಜುವಲ್ಲಿ. ಅಚ್ಚು ಬಿಚ್ಚಿ ನೋಡಿದಾಗ ಅದು ಕಣ್ಣಿಗೇ ಕಂಡಿತು. ಎಡಬದಿಯಲ್ಲಿ ಬಣ್ಣ ಪೂರ್ತಿ ಸವೆದು ಅಲ್ಯೂಮಿನಿಯಂ ಹೊಳೆಯುತ್ತಿತ್ತು, ಅರ್ಧ ಚಂದ್ರಾಕಾರದ ಗೀರುಗಳಿದ್ದವು, ಸುತ್ತ ಎಣ್ಣೆಯಲ್ಲಿ ಕಲಸಿದ ಕಪ್ಪು ಬೂದು ಪೇಸ್ಟು. ಅಲ್ಯೂಮಿನಿಯಂ ಅಲ್ಯೂಮಿನಿಯಮ್ಮಿಗೆ ಉಜ್ಜಿ ಉದುರಿದ ಪುಡಿ ಅದು. ಗಟ್ಟಿ ಕಣಗಳು ಎಣ್ಣೆಯಲ್ಲಿ ಸೇರಿಕೊಂಡು ಲೋಹವನ್ನು ಇನ್ನಷ್ಟು ತಿನ್ನುತ್ತಿದ್ದವು.

ಕಿರ್ರ್ ಏಕೆ ಆಗುತ್ತದೆ

ಎರಡು ಮೇಲ್ಮೈಗಳು ನಿಂತಿರುವಾಗ ಒಂದನ್ನೊಂದು ಹಿಡಿದುಕೊಳ್ಳುವ ಬಲ, ಸರಿಯುತ್ತಿರುವಾಗ ಹಿಡಿಯುವ ಬಲಕ್ಕಿಂತ ಸಾಮಾನ್ಯವಾಗಿ ಹೆಚ್ಚು. ನಿಧಾನವಾಗಿ ತಳ್ಳಿದಾಗ ಮೇಲ್ಮೈ ಹಿಡಿದುಕೊಳ್ಳುತ್ತದೆ, ಒತ್ತಡ ಕೂಡುತ್ತದೆ, ತಟ್ಟನೆ ಬಿಟ್ಟು ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಈ ಹಿಡಿದು ಬಿಡುವ ಆಟ ಸೆಕೆಂಡಿಗೆ ನೂರಾರು ಸಲ ನಡೆದರೆ ಅದು ನಮ್ಮ ಕಿವಿಗೆ ಸ್ವರ. ಪಿಟೀಲಿನ ಕಮಾನು ತಂತಿಯನ್ನು ನುಡಿಸುವುದೂ ಹೀಗೆಯೇ. ಆ ಚಲನೆಯನ್ನು ಹೆಲ್ಮ್‌ಹೋಲ್ಟ್ಸ್ 1863ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಕಮಾನಿಗೆ ರಾಳ ಹಚ್ಚುವುದು ಈ ಹಿಡಿತ ಹೆಚ್ಚಿಸಲಿಕ್ಕೇ. ಬೇಗ ತಳ್ಳಿದರೆ ಹಿಡಿದುಕೊಳ್ಳಲು ಪುರುಸೊತ್ತಿಲ್ಲ, ಸದ್ದೂ ಇಲ್ಲ. ಮೌನದಿಂದ ನಾದವನ್ನು ಮೆಲ್ಲಗೆ ಎತ್ತುವ ವಾದಕರಿಗೆ ಮಾತ್ರ ಈ ಕಾಟ ಏಕೆ ಎಂಬುದಕ್ಕೆ ಇದೇ ಕಾರಣ.

ಹಾಗಾದರೆ ಘರ್ಷಣೆಯನ್ನೇ ತೆಗೆದುಬಿಟ್ಟರೆ? ಸ್ಪ್ರೇ ಹೊಡೆದವರು ಮಾಡಲು ಹೊರಟದ್ದು ಅದನ್ನೇ. ಫಲವಾಗಿ ಹಲಗೆ ಕುಸಿಯತೊಡಗಿತು. ಈ ಪೆಡಲಿನಲ್ಲಿ ಘರ್ಷಣೆ ಒಂದು ಬಿಡಿಭಾಗ, ಸ್ಪ್ರಿಂಗ್ ಅಥವಾ ಪಾಟ್ ಹೇಗೋ ಹಾಗೆ. ನಮಗೆ ಬೇಕಾದದ್ದು ನಿಂತಾಗಲೂ ಸರಿಯುವಾಗಲೂ ಒಂದೇ ಸಮನಾದ ಹಿಡಿತ. ನಿಂತಾಗಿನ ಮತ್ತು ಸರಿಯುವಾಗಿನ ಬಲಗಳ ನಡುವಿನ ಅಂತರ ಅಳಿಸಿಹೋದರೆ ಕಿರುಗುಟ್ಟುವುದಕ್ಕೆ ಆಸ್ಪದವೇ ಇಲ್ಲ.

ಮುಂದಿದ್ದ ದಾರಿಗಳು

ಬಾಲ್ ಬೇರಿಂಗ್ ಕೂರಿಸುವ ಯೋಚನೆ ವಾದಕರದು. ಅದು ನೋಡಲು ದೊಡ್ಡ ಕೆಲಸ, ಆದರೆ ಹಲಗೆ ಎಲ್ಲೂ ನಿಲ್ಲದ ಪೆಡಲ್ ಸಿಗುತ್ತಿತ್ತು. ಕಾಲನ್ನು ಎಂದೂ ತೆಗೆಯದವರಿಗೆ ಅದು ಆದೀತು. ಇವರು ಹಾಡಿನ ನಡುವೆ ಪಾದ ತೆಗೆದು ಬೇರೆ ಪೆಡಲ್ ಒತ್ತುತ್ತಾರೆ, ಆಗ ವಾಲ್ಯೂಮ್ ಇದ್ದಲ್ಲೇ ಇರಬೇಕು. ಬೇಡವೆಂದೆ.

ಹಾಳಾಗುವಂಥದೇನೂ ಇಲ್ಲದ, ಬೇಡವಾದರೆ ಒರೆಸಿ ತೆಗೆಯಬಹುದಾದ ಪ್ರಯೋಗ ಒಂದಿತ್ತು, ಅದನ್ನು ಮೊದಲು ಮಾಡಿದೆ. ಹಳೆಯ ಪೇಸ್ಟನ್ನೆಲ್ಲ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು, ಗೀರುಗಳ ಏರುಗಳನ್ನು ನಯವಾದ ಎಮರಿ ಕಾಗದದಲ್ಲಿ ತಗ್ಗಿಸಿ, ಬದಿಮುಖಗಳಿಗೆ ದಪ್ಪನೆಯ ಡ್ಯಾಂಪಿಂಗ್ ಗ್ರೀಸ್ ಹಚ್ಚಿದೆ. ಕ್ಯಾಮೆರಾ ಲೆನ್ಸಿನ ಫೋಕಸ್ ಉಂಗುರಕ್ಕೆ ಹಾಕುವಂಥ ಅಂಟು ಗ್ರೀಸ್ ಅದು. ಕಿರ್ರ್ ಪೂರ್ತಿ ಹೋಯಿತು. ನಿಧಾನದ ಏರಿಕೆ ಸೊಗಸಾಗಿ ಬಂತು. ಆದರೆ ವಾದಕರು ಸ್ವಲ್ಪ ಹೊತ್ತು ನುಡಿಸಿ ತಲೆಯಾಡಿಸಿದರು: "ಸರ್, ಸಡನ್ನಾಗಿ ತಗ್ಗಿಸೋ ಜಾಗದಲ್ಲಿ ಕಾಲು ಹಿಂದೆ ಬೀಳ್ತದೆ." ಗ್ರೀಸಿನ ಸ್ವಭಾವವೇ ಅದು. ವೇಗ ಹೆಚ್ಚಿದಷ್ಟೂ ಎದುರು ಬಲವೂ ಹೆಚ್ಚು. ನಿಂತಾಗ ಅದಕ್ಕೆ ಹಿಡಿತವಿಲ್ಲ, ಹಾಗಾಗಿ ಅರ್ಧಕ್ಕೆ ಬಿಟ್ಟ ಹಲಗೆ ಬಹಳ ನಿಧಾನವಾಗಿ ಆದರೂ ಇಳಿಯುತ್ತಿತ್ತು. ಸದ್ದಿನ ಪರೀಕ್ಷೆಯಲ್ಲಿ ಪಾಸಾದ ಪೆಡಲ್ ಕಾಲಿನ ಪರೀಕ್ಷೆಯಲ್ಲಿ ನಪಾಸಾಯಿತು. ವಾದಕರ ಮಾತಿಗೆ ಇಲ್ಲಿ ಕೊಟ್ಟ ಬೆಲೆಯೇ ಉಳಿದ ಕೆಲಸಕ್ಕೆ ದಾರಿ ತೋರಿಸಿತು.

ಕೊನೆಗೆ ಆಯ್ದುಕೊಂಡದ್ದು ಪಿಟಿಎಫ್‌ಇ ವಾಷರ್, ಅಂದರೆ ಟೆಫ್ಲಾನ್. ಅಂಟದ ವಸ್ತು ಎಂದು ಎಲ್ಲರಿಗೂ ಗೊತ್ತು. ಅದಕ್ಕಿಂತ ನಮಗೆ ಮುಖ್ಯವಾದ ಗುಣ ಬೇರೆ: ಅದರ ನಿಂತಾಗಿನ ಘರ್ಷಣೆ ಮತ್ತು ಸರಿಯುವಾಗಿನ ಘರ್ಷಣೆ ಹೆಚ್ಚುಕಡಿಮೆ ಸಮ. ಒಂದಿಷ್ಟು ಒತ್ತಿ ಹಿಡಿದರೂ ಕಿರುಗುಟ್ಟುವುದಿಲ್ಲ. ಹಿಡಿತ ಎಷ್ಟು ಬೇಕೋ ಅಷ್ಟನ್ನು ಒತ್ತಡದಿಂದ ಹೊಂದಿಸಿಕೊಳ್ಳಬಹುದು.

ಫೀಲರ್ ಗೇಜಿನಲ್ಲಿ ಅಳೆದಾಗ ಅಡ್ಡಡ್ಡ ಆಡುವ ಸಂದಿ ಒಟ್ಟು 1.2 ಮಿಲಿಮೀಟರ್ ಇತ್ತು. ಸವೆದ ಎಡಬದಿಗೆ 0.5 ಮಿಮೀ ದಪ್ಪದ ವಾಷರ್. ಬಲಬದಿಗೆ 0.25 ಮಿಮೀ ವಾಷರ್, ಅದರ ಹಿಂದೆ ಒಂದು ಅಲೆಯಾಕಾರದ ಉಕ್ಕಿನ ಸ್ಪ್ರಿಂಗ್ ವಾಷರ್. ಈ ಸ್ಪ್ರಿಂಗ್ ವಾಷರ್ ಅಲಂಕಾರಕ್ಕಲ್ಲ. ಟೆಫ್ಲಾನ್ ಒತ್ತಡದಲ್ಲಿ ಕಾಲಕ್ರಮೇಣ ಹರಡಿ ತೆಳುವಾಗುತ್ತದೆ. ಬರೀ ನಟ್ಟಿನಿಂದ ಬಿಗಿದರೆ ಕೆಲವು ತಿಂಗಳಲ್ಲಿ ಸಡಿಲವಾಗಿ ಹಳೆಯ ಕತೆಗೆ ಮರಳುತ್ತದೆ. ಸ್ಪ್ರಿಂಗ್ ವಾಷರ್ ಹಿಂದಿನಿಂದ ತಳ್ಳುತ್ತಲೇ ಇದ್ದು ಆ ತೆಳುವಾದದ್ದನ್ನು ತುಂಬಿಕೊಡುತ್ತದೆ. ಅಚ್ಚಿನ ತುದಿಗೆ ನೈಲಾನ್ ಉಂಗುರವಿರುವ ಲಾಕ್ ನಟ್ಟು ಹಾಕಿದೆ. ಪಾದ ತೆಗೆದಾಗ ಹಲಗೆ ಎಲ್ಲಿ ಬಿಟ್ಟರೂ ನಿಲ್ಲುವವರೆಗೆ ಬಿಗಿದು, ಆಮೇಲೆ ವಾದಕರನ್ನು ಕೂರಿಸಿ, ಅವರು ಸಾಕೆನ್ನುವ ತನಕ ಕೂದಲೆಳೆಯಷ್ಟು ಸಡಿಲಿಸುತ್ತ ಬಂದೆ. ರಂಧ್ರದೊಳಗೆ ಲಿಥಿಯಂ ಗ್ರೀಸಿನ ತೆಳು ಪದರ ಸಾಕಾಯಿತು.

ದಾರ ಮತ್ತು ಟಕ್

ಟಕ್ ಸದ್ದಿನ ಮೂಲ ದಾರದಲ್ಲಿತ್ತು. ಸ್ಪ್ರೇಯ ಎಣ್ಣೆ ಅಚ್ಚಿನಿಂದ ಇಳಿದು ತೋಳಿನ ಮೂಲಕ ದಾರಕ್ಕೆ, ದಾರದಿಂದ ಪಾಟಿನ ದಂಡಕ್ಕೆ ಹರಿದಿತ್ತು. ಬಿಗಿ ಕಳೆದುಕೊಂಡ ಸುತ್ತುಗಳು ಪಕ್ಕಪಕ್ಕ ಕೂರದೆ ಒಂದರ ಮೇಲೊಂದು ಏರಿದ್ದವು. ದಂಡ ತಿರುಗುತ್ತಿದ್ದಂತೆ ಮೇಲಿನ ಸುತ್ತು ಕೆಳಗಿನದರ ಬೆನ್ನಿನಿಂದ ಜಾರಿ ಬೀಳುತ್ತಿತ್ತು. ಆ ಬೀಳುವಿಕೆಯೇ ಗಾಳಿಯಲ್ಲಿ ಟಕ್, ಲೈನಿನಲ್ಲಿ ಮಟ್ಟದ ಜಿಗಿತ. ಹಿಮ್ಮಡಿ ಒತ್ತಿದರೂ ನಾದ ಆರದಿದ್ದದ್ದು ದಾರ ಜಾರಿ ಪಾಟಿನ ಸೊನ್ನೆ ಪಕ್ಕಕ್ಕೆ ಸರಿದದ್ದರಿಂದ.

ಇಲ್ಲಿ ಲೆಕ್ಕ ಸ್ವಲ್ಪ ನೋಡಬೇಕು, ಏಕೆಂದರೆ ತೀರ್ಮಾನ ಅದರ ಮೇಲೆ ನಿಂತಿದೆ. ದಂಡಕ್ಕೆ ಸುತ್ತಿದ ದಾರದ ಹಿಡಿತ ಸುತ್ತಿನ ಸಂಖ್ಯೆಗೆ ತಕ್ಕಂತೆ ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ. ಘರ್ಷಣೆಯ ಗುಣಾಂಕ 0.2 ಎಂದಿಟ್ಟುಕೊಂಡರೆ ಒಂದು ಸುತ್ತಿಗೆ ಸ್ಪ್ರಿಂಗಿನ ಎಳೆತದ ಸುಮಾರು 3.5 ಪಟ್ಟು ಬಲವನ್ನು ದಾರ ಜಾರದೆ ತಡೆಯುತ್ತದೆ. ಎರಡು ಸುತ್ತಿಗೆ ಸುಮಾರು 12 ಪಟ್ಟು. ಮೂರಕ್ಕೆ 43 ಪಟ್ಟು. ಎಣ್ಣೆ ಬಿದ್ದು ಗುಣಾಂಕ ಅರ್ಧಕ್ಕೆ ಇಳಿದರೆ ಎರಡು ಸುತ್ತಿನ ಹಿಡಿತ ಒಂದೇ ಸುತ್ತಿನಷ್ಟಾಗುತ್ತದೆ, 12ರಿಂದ 3.5ಕ್ಕೆ. ಒಂದು ಹನಿ ಎಣ್ಣೆ ಒಂದು ಸುತ್ತನ್ನೇ ಬಿಚ್ಚಿದ ಹಾಗೆ.

ಹಾಗೆಂದು ಮೂರು ಸುತ್ತು ಹಾಕಿ ಭದ್ರ ಮಾಡೋಣವೇ? ಅದೂ ಸಲ್ಲದು. ಪಾಟ್ ತನ್ನ ಕೊನೆ ಮುಟ್ಟಿದ ಮೇಲೂ ಹಲಗೆಗೆ ಇನ್ನೂ ಚೂರು ದಾರಿ ಉಳಿದಿರಬಹುದು. ಆಗ ದಾರ ದಂಡದ ಮೇಲೆ ಮೆಲ್ಲಗೆ ಜಾರಬೇಕು. ಜಾರದಷ್ಟು ಹಿಡಿದರೆ ವಾದಕರ ಮೈಭಾರ ಪಾಟಿನೊಳಗಿನ ಸಣ್ಣ ತಡೆಯ ಮೇಲೆ ಬೀಳುತ್ತದೆ. ಈ ಜಾರುವಿಕೆ ಪೆಡಲಿನ ರಕ್ಷಣೆ. ಆದ್ದರಿಂದ ಎರಡು ಸುತ್ತು, ಒಣಗಿದ ದಂಡ, ಹೊಸ ದಾರ. ದಾರ ಕೆವ್ಲರ್ ಜಾತಿಯ ಹೆಣಿಗೆಯದು. ನೈಲಾನ್ ಎಳೆಗಿಂತ ಬಹಳ ಕಡಿಮೆ ಹಿಗ್ಗುತ್ತದೆ. ಇದು ಸಣ್ಣ ಮಾತಲ್ಲ: ದಂಡದ ವ್ಯಾಸ 6.35 ಮಿಮೀ, ಸುತ್ತಳತೆ ಸುಮಾರು 20 ಮಿಮೀ. ದಾರ 0.2 ಮಿಮೀ ಹಿಗ್ಗಿದರೂ ಪಾಟ್ ಮೂರೂವರೆ ಡಿಗ್ರಿ ತಪ್ಪುತ್ತದೆ, ಪಾದ ದಿಕ್ಕು ಬದಲಿಸಿದಾಗಲೆಲ್ಲ ಅಷ್ಟು ಜಾಗದಲ್ಲಿ ನಾದ ಅಲುಗುವುದಿಲ್ಲ.

ದಂಡವನ್ನು ಆಲ್ಕೋಹಾಲಿನಲ್ಲಿ ಎಣ್ಣೆಯ ಅಂಶ ಉಳಿಯದಂತೆ ಒರೆಸಿದೆ. ದ್ರವ ಪಾಟಿನೊಳಗೆ ಇಳಿದರೆ ಅದರ ಒಳಗಿನ ಗ್ರೀಸ್ ಕರಗುತ್ತದೆ, ಹಾಗಾಗಿ ಬಟ್ಟೆಯನ್ನು ತೇವ ಮಾಡಿಕೊಂಡೇ ಒರೆಸಬೇಕು, ಮೇಲೆ ಸುರಿಯಬಾರದು. ದಾರ ದಂಡಕ್ಕೆ ಓರೆಯಾಗಿ ಬರದೆ ನೇರವಾಗಿ ಬರುವಂತೆ ತೋಳಿನ ಕೊಕ್ಕೆಯನ್ನು ಸ್ವಲ್ಪ ಬಗ್ಗಿಸಿದೆ. ಓರೆಯಾಗಿ ಬಂದರೆ ಸುತ್ತುಗಳು ಮತ್ತೆ ಒಂದರ ಮೇಲೊಂದು ಏರುತ್ತವೆ.

ಆಮೇಲೆ ಕೇಳಿಸಿದವು

ದೊಡ್ಡ ಸದ್ದು ಹೋದ ಮೇಲೆ ಅದರ ಅಡಿ ಮುಚ್ಚಿಹೋಗಿದ್ದ ಸಣ್ಣವು ಹೊರಬಂದವು. ಇದು ಎಲ್ಲ ಸದ್ದಿನ ದುರಸ್ತಿಯಲ್ಲೂ ಆಗುವಂಥದು, ವಾದಕರಿಗೆ ಮೊದಲೇ ಹೇಳಿಟ್ಟರೆ ಒಳ್ಳೆಯದು. ಇಲ್ಲದಿದ್ದರೆ "ಹೊಸ ಸದ್ದು ಹುಟ್ಟಿಕೊಂಡಿತು" ಎಂದು ಅವರಿಗೆ ಬೇಸರವಾಗುತ್ತದೆ.

ಪೆಡಲಿನಿಂದ ಒಂದು ಗೇಣು ದೂರದಲ್ಲಿ ಮೈಕ್ ಇಟ್ಟು, ಗೇನ್ ಏರಿಸಿ ಕೇಳಿದೆವು. ಸ್ಪ್ರಿಂಗ್ ಸಣ್ಣಗೆ "ಟಿಣ್" ಎನ್ನುತ್ತಿತ್ತು. ಅದರ ಕೊಕ್ಕೆ ಬರಿಯ ಲೋಹದ ತೂತಿನಲ್ಲಿ ತಿರುಗುವ ಸದ್ದೊಂದು, ಸುರುಳಿಯೇ ಕಂಪಿಸುವ ಸದ್ದೊಂದು. ಕೊಕ್ಕೆಗೆ ಹೀಟ್ ಶ್ರಿಂಕ್ ಕೊಳವೆಯ ತುಂಡು ತೊಡಿಸಿ, ಸುರುಳಿಯೊಳಗೆ ಮೃದುವಾದ ಫೋಮ್ ಪಟ್ಟಿ ತೂರಿಸಿದೆ. ಸ್ಪ್ರಿಂಗಿನ ಎಳೆತ ಬದಲಾಗಲಿಲ್ಲ, ಟಿಣ್ ಅಡಗಿತು.

ಎರಡೂ ತುದಿಯಲ್ಲಿ ಹಲಗೆ ಬಂದು ತಾಗುವ ರಬ್ಬರ್ ಗುಬಟುಗಳು ಗಟ್ಟಿಯಾಗಿ ಕಲ್ಲಾಗಿದ್ದವು. ಮೃದುವಾದ ಹೊಸವನ್ನು ಹಾಕಿದೆ. ಇವು ಹಳೆಯವಕ್ಕಿಂತ ಒಂದು ಮಿಲಿಮೀಟರ್ ದಪ್ಪ. ಹಲಗೆಯ ಅಷ್ಟು ಸಣ್ಣ ವ್ಯತ್ಯಾಸ ಪಾಟಿನಲ್ಲಿ ದೊಡ್ಡದಾಗಿ ಕಾಣಿಸುತ್ತದೆ. ಗುಬಟು ಅಚ್ಚಿನಿಂದ 100 ಮಿಮೀ ದೂರದಲ್ಲಿ, ದಾರದ ತುದಿ 48 ಮಿಮೀ ದೂರದಲ್ಲಿದ್ದರೆ, ಒಂದು ಮಿಮೀ ದಪ್ಪ ಹೆಚ್ಚಾದದ್ದು ದಾರದಲ್ಲಿ ಅರ್ಧ ಮಿಮೀ, ಪಾಟಿನಲ್ಲಿ 8ರಿಂದ 9 ಡಿಗ್ರಿ. ಹಿಮ್ಮಡಿ ಒತ್ತಿದಾಗ ಮಲ್ಟಿಮೀಟರ್ ಸೊನ್ನೆಗೆ ಬರಲಿಲ್ಲ. ಗುಬಟನ್ನು ಕೆತ್ತುವ ಬದಲು, ಹಲಗೆಯನ್ನು ಹಿಮ್ಮಡಿಯ ಕಡೆ ಒತ್ತಿ ಹಿಡಿದು, ದಂಡವನ್ನು ಬೆರಳಿನಿಂದ ದಾರದೊಳಗೇ ಸರಿಸಿ ಸೊನ್ನೆಗೆ ತಂದೆ. ಗಂಟಿಲ್ಲದ ದಾರದ ಅನುಕೂಲ ಇದು. ಮುಂಗಾಲಿನ ತುದಿಯಲ್ಲಿ ಪೂರ್ತಿ ನಾದ ಬರುತ್ತದೆಯೇ ಎಂದು ಆಮೇಲೆ ನೋಡಲೇಬೇಕು. ಇಲ್ಲಿ ಬಂತು.

ಉಳಿದದ್ದು ಶೂ. ಅಡಿಭಾಗದ ಗಟ್ಟಿ ರಬ್ಬರ್ ಪೆಡಲಿನ ಹೊದಿಕೆಗೆ ಉಜ್ಜಿ ಸಣ್ಣಗೆ ಸದ್ದು ಮಾಡುತ್ತಿತ್ತು. ರೆಕಾರ್ಡಿಂಗಿನಲ್ಲಿ ಮೃದು ಅಡಿಯ ಶೂ ಹಾಕಲು ಒಪ್ಪಿದರು. ಪೆಡಲಿನಡಿಗೆ ದಪ್ಪ ರಬ್ಬರ್ ಹಾಳೆ ಹಾಸಿದ್ದರಿಂದ ಮರದ ನೆಲದ ಮೂಲಕ ಮೈಕ್ ಸ್ಟ್ಯಾಂಡಿಗೆ ಹೋಗುತ್ತಿದ್ದ ಧಡ್ ಸದ್ದು ತಗ್ಗಿತು, ಪೂರ್ತಿ ಹೋಗಲಿಲ್ಲ. ಮುಂಗಾಲನ್ನು ತುದಿಗೆ ಬಡಿಯುವ ಅಭ್ಯಾಸ ಅವರಿಗಿದೆ. ಅದು ಹತ್ತಾರು ವರ್ಷದ ಕಾಲಿನ ಅಭ್ಯಾಸ, ಅದನ್ನು ದುರಸ್ತಿ ಮಾಡುವುದು ನನ್ನ ಕೆಲಸವಲ್ಲ.

ಫಲ, ಮತ್ತು ಬೇರೆ ಪೆಡಲುಗಳಿಗೆ ಇದರಿಂದ ಏನು

ಅದೇ ಹಾಡುಗಳನ್ನು ಅದೇ ಕೋಣೆಯಲ್ಲಿ ಮತ್ತೆ ದಾಖಲಿಸಿದರು. ಗಾಯಕಿಯ ಮೈಕಿನಲ್ಲಿ ಪೆಡಲ್ ಕೇಳಿಸಲಿಲ್ಲ. ಕೆಲವು ತಿಂಗಳ ನಂತರ ಪೆಡಲನ್ನು ಮತ್ತೆ ತರಿಸಿ ನೋಡಿದಾಗ ಹಲಗೆಯ ಹಿಡಿತ ಸ್ವಲ್ಪ ಇಳಿದಿತ್ತು, ನಟ್ಟನ್ನು ಚೂರು ಬಿಗಿದೆ. ವಾಷರುಗಳ ಮುಖ ನುಣುಪಾಗಿತ್ತು, ಕಪ್ಪು ಪುಡಿ ಎಲ್ಲೂ ಇರಲಿಲ್ಲ, ದಾರದ ಸುತ್ತುಗಳು ಪಕ್ಕಪಕ್ಕದಲ್ಲೇ ಇದ್ದವು.

ಇಲ್ಲಿ ಮಾಡಿದ್ದನ್ನು ಎಲ್ಲ ಪೆಡಲಿಗೂ ಹಾಗೇ ಮಾಡುವಂತಿಲ್ಲ. ಹಲ್ಲುಪಟ್ಟಿ ಮತ್ತು ಹಲ್ಲುಚಕ್ರ ಇರುವ ಪೆಡಲಿನಲ್ಲಿ ಚಲನೆ ಹಲ್ಲಿನಿಂದ ಹಲ್ಲಿಗೆ ಹೋಗುತ್ತದೆ, ಹಿಡಿತದಿಂದಲ್ಲ. ಅಲ್ಲಿ ಹಲ್ಲುಗಳಿಗೆ ಗ್ರೀಸ್ ಹಚ್ಚುವುದು ಸರಿ, ಹಲ್ಲುಗಳ ನಡುವಿನ ಸಡಿಲವೇ ಸದ್ದಿಗೆ ಕಾರಣವಾದರೆ ಪಟ್ಟಿಯನ್ನು ಚಕ್ರದ ಹತ್ತಿರ ತರಬೇಕು. ಬೆಳಕಿನಿಂದ ಕೆಲಸ ಮಾಡುವ ಪೆಡಲಿನಲ್ಲಿ ಪಾಟೂ ಇಲ್ಲ, ದಾರವೂ ಇಲ್ಲ. ಆದರೆ ಅಚ್ಚಿದೆ, ಕಿವಿಗಳಿವೆ, ಬದಿಮುಖಗಳಿವೆ, ಆದ್ದರಿಂದ ಕಿರ್ರ್ ಅಲ್ಲೂ ಬರಬಹುದು. ಪಾಟ್ ಬದಲಿಸುವಾಗ ಮೌಲ್ಯವನ್ನೂ ನೋಡಿ ಹಾಕಬೇಕು. ಗಿಟಾರಿನ ಸಾಮಾನ್ಯ ಪಿಕಪ್ಪಿಗೆ 250 ಅಥವಾ 500 ಕಿಲೋ ಓಮ್, ಬ್ಯಾಟರಿ ಇರುವ ಪಿಕಪ್ಪಿಗೂ ಕೀಬೋರ್ಡಿಗೂ 25 ಕಿಲೋ ಓಮ್. ಅದಲು ಬದಲಾದರೆ ಸದ್ದಿನ ತೊಂದರೆ ಹೋಗಿ ನಾದದ ತೊಂದರೆ ಬರುತ್ತದೆ.

ಈ ಪ್ರಕರಣದ ನಂತರ ನನ್ನ ಕೆಲಸದ ಕ್ರಮದಲ್ಲಿ ಎರಡು ಅಭ್ಯಾಸಗಳು ಉಳಿದುಕೊಂಡಿವೆ. ಕಿರುಗುಟ್ಟುವ ಯಾವುದೇ ಪೆಡಲಿಗೆ ಎಣ್ಣೆ ಹಾಕುವ ಮೊದಲು ಸಂದಿಗಳಿಗೆಲ್ಲ ಒಂದೊಂದಾಗಿ ಪ್ಲಾಸ್ಟಿಕ್ ಹಾಳೆ ತುರುಕಿ ನೋಡುತ್ತೇನೆ. ಹಾಳೆಗೆ ಎಣ್ಣೆಯಂತೆ ಹರಿಯುವ ಸ್ವಭಾವವಿಲ್ಲ, ಇಟ್ಟ ಜಾಗವನ್ನಷ್ಟೇ ಪರೀಕ್ಷಿಸುತ್ತದೆ, ಎಳೆದರೆ ಪೆಡಲ್ ಮೊದಲಿನಂತೆಯೇ ಇರುತ್ತದೆ. ಪೆಡಲ್ ಕೊಡಲು ಬಂದವರನ್ನು ಅಲ್ಲೇ ಕೂರಿಸಿ, ಪಾದ ಎಷ್ಟು ವಾಲುತ್ತದೆ ಎಂದು ನೋಡಿಕೊಂಡು, ಹಾಡಿನ ನಡುವೆ ಪಾದ ತೆಗೆಯುತ್ತಾರೋ ಇಲ್ಲವೋ ಕೇಳಿಕೊಂಡ ಮೇಲೇ ತಳದ ತಿರುಪು ಬಿಚ್ಚುತ್ತೇನೆ.